ವೇಗವಿತ್ತು, ವೇಳೆ ಸಿಗಲಿಲ್ಲ: ಡಚ್ ಚಾಲಕಿಯೊಬ್ಬರ ದೀರ್ಘ ಓಟ ಹೇಳುವುದೇನು?

2025ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಎಫ್‌1 ಅಕಾಡೆಮಿಯ ಋತು ಮುಗಿಯಿತು. ಮಹಿಳೆಯರಿಗೆಂದೇ ಇರುವ ಈ ರೇಸ್ ಸರಣಿಯಲ್ಲಿ ಫ್ರಾನ್ಸ್‌ನ ಡೋರಿಯಾನ್ ಪಿನ್ ಚಾಂಪಿಯನ್ ಆದರು. ಡಚ್ ಧ್ವಜದಡಿ ಸ್ಪರ್ಧಿಸುವ ಮಾಯಾ ವ್ಯೂಗ್ ಎರಡನೇ ಸ್ಥಾನ ಪಡೆದರು. ಫೆರಾರಿಯ ಯುವ ಚಾಲಕರ ಅಕಾಡೆಮಿಗೆ 2021ರಲ್ಲಿ ಆಯ್ಕೆಯಾದ ಮೊದಲ ಯುವತಿ ಇವರೇ.

ಸುದ್ದಿ ಇಷ್ಟೇ ಆಗಿದ್ದರೆ ಗೊಂದಲಕ್ಕೆ ಎಡೆಯಿರಲಿಲ್ಲ. ಆದರೆ ಹಿಂದಿನ ಪುಟ ತಿರುವಿದವರಿಗೆ ಒಂದು ವಿಚಿತ್ರ ಕಾಣುತ್ತದೆ. ವ್ಯೂಗ್ 2023ರಲ್ಲಿ ಯುರೋಪಿನ ಪ್ರಾದೇಶಿಕ ಫಾರ್ಮುಲಾ ಸರಣಿಯಲ್ಲಿ ಹುಡುಗರ ಜೊತೆಗೇ ಸ್ಪರ್ಧಿಸಿದ್ದರು. ಮರುವರ್ಷ ಅವರು ಹತ್ತಿದ್ದು ಎಫ್‌1 ಅಕಾಡೆಮಿಯ ಎಫ್‌4 ದರ್ಜೆಯ ಕಾರನ್ನು, ಅಂದರೆ ಒಂದು ಮೆಟ್ಟಿಲು ಕೆಳಗಿನದನ್ನು. ಫಾರ್ಮುಲಾ ಒನ್‌ಗೆ (ಎಫ್‌1) ಏರುವ ಏಣಿ ಎಫ್‌4, ಪ್ರಾದೇಶಿಕ ಫಾರ್ಮುಲಾ, ಎಫ್‌3, ಎಫ್‌2 ಎಂದು ಸಾಗುತ್ತದೆ. ಪಿನ್ ಅವರದೂ ಅದೇ ಕಥೆ. 2023ರಲ್ಲಿ ಅವರು ಗಂಟೆಗಟ್ಟಲೆ ನಡೆಯುವ ರೇಸ್‌ಗಳ ಸರಣಿಯಾದ ವಿಶ್ವ ಎಂಡ್ಯುರೆನ್ಸ್ ಚಾಂಪಿಯನ್‌ಷಿಪ್‌ನಲ್ಲಿ, ಮಾಜಿ ಫಾರ್ಮುಲಾ ಒನ್ ಚಾಲಕ ಡ್ಯಾನಿಲ್ ಕ್ವ್ಯಾಟ್ ಜೊತೆ ಒಂದೇ ಕಾರನ್ನು ಹಂಚಿಕೊಂಡು ಓಡಿಸಿದ್ದವರು. ಅಲ್ಲಿಂದ ಎಫ್‌4ಗೆ ಬಂದರು. ಮೇಲೇರಬೇಕಾದವರು ಕೆಳಗಿಳಿದದ್ದು ಏಕೆ? ಹೆಸರಿನಲ್ಲೇ ‘ಎಫ್‌1’ ಇರುವ ಸರಣಿಯನ್ನು ಗೆದ್ದವರು ಎಫ್‌1ಗೆ ಏಕೆ ಹೋಗುತ್ತಿಲ್ಲ?

ಈ ಪ್ರಶ್ನೆಗಳಿಗೆ ಉತ್ತರವನ್ನು ಈ ಇಬ್ಬರ ಫಲಿತಾಂಶಗಳಲ್ಲಿ ಹುಡುಕುವುದಕ್ಕಿಂತ, ಇದೇ ಹಾದಿಯನ್ನು ಮೊದಲೇ ತುಳಿದ ಇನ್ನೊಬ್ಬ ಡಚ್ ಚಾಲಕಿಯ ವೃತ್ತಿಜೀವನದಲ್ಲಿ ಹುಡುಕುವುದು ಸುಲಭ. ಅವರು ಬೈಟ್ಸ್ಕೆ ವಿಸ್ಸರ್. ರೆಡ್ ಬುಲ್, ಬಿಎಂಡಬ್ಲ್ಯು, ಮಹಿಳೆಯರ ಡಬ್ಲ್ಯು ಸೀರೀಸ್, 24 ಗಂಟೆಗಳ ಲ ಮಾನ್ ರೇಸ್ ಎಲ್ಲವನ್ನೂ ಮುಟ್ಟಿ ಬಂದ ಈ ಓಟದಲ್ಲಿ ಫಾರ್ಮುಲಾ ಒನ್ ಮಾತ್ರ ಇಲ್ಲ.

ಡ್ರಾಂಟನ್‌ನಿಂದ ರೆಡ್ ಬುಲ್‌ವರೆಗೆ

ವಿಸ್ಸರ್ ಹುಟ್ಟಿದ್ದು 1995ರ ಮಾರ್ಚ್ 10ರಂದು, ಸಮುದ್ರದಿಂದ ಗೆದ್ದುಕೊಂಡ ನೆಲದ ಮೇಲೆ ಡಚ್ಚರು ಕಟ್ಟಿದ ಡ್ರಾಂಟನ್ ಎಂಬ ಊರಿನಲ್ಲಿ. ಎಲ್ಲರಂತೆ ಕಾರ್ಟಿಂಗ್‌ನಲ್ಲಿ, ಅಂದರೆ ಪುಟ್ಟ ತೆರೆದ ರೇಸ್ ಗಾಡಿಗಳಲ್ಲಿ, ಕೈ ಪಳಗಿಸಿಕೊಂಡು 2012ರಲ್ಲಿ ಜರ್ಮನಿಯ ಎಡಿಎಸಿ ಫಾರ್ಮೆಲ್ ಮಾಸ್ಟರ್ಸ್ ಸರಣಿಗೆ ಬಂದರು. ಕಾರ್ ರೇಸಿಂಗ್‌ನ ಎರಡನೇ ವಾರಾಂತ್ಯದಲ್ಲೇ, ತವರಿನ ಝಾಂಡ್‌ವೋರ್ಟ್ ಟ್ರ್ಯಾಕ್‌ನಲ್ಲಿ ಗೆದ್ದರು. ಅದು ಹುಡುಗರ ನಡುವಿನ ಗೆಲುವು. ಆಗ ಮಹಿಳೆಯರಿಗೆ ಪ್ರತ್ಯೇಕ ಸರಣಿಯ ಮಾತೇ ಇರಲಿಲ್ಲ.

2013ರಲ್ಲಿ ಫಾರ್ಮುಲಾ ಒನ್ ತಂಡ ನಡೆಸುವ ರೆಡ್ ಬುಲ್ ಅವರನ್ನು ತನ್ನ ಜೂನಿಯರ್ ತಂಡಕ್ಕೆ ಸೇರಿಸಿಕೊಂಡಿತು. ಅದೇ ಗುಂಪಿನಲ್ಲಿದ್ದವರು ಕಾರ್ಲೋಸ್ ಸೈನ್ಸ್ ಮತ್ತು ಮೇಲೆ ಹೇಳಿದ ಕ್ವ್ಯಾಟ್. ಕ್ವ್ಯಾಟ್ ಆ ವರ್ಷ ಜಿಪಿ3 (ಇಂದಿನ ಎಫ್‌3ಯ ಪೂರ್ವಜ) ಗೆದ್ದು 2014ಕ್ಕೆ ನೇರವಾಗಿ ಫಾರ್ಮುಲಾ ಒನ್ ಸೇರಿದರು, ಸೈನ್ಸ್ 2015ರಲ್ಲಿ ಸೇರಿದರು. ವಿಸ್ಸರ್ ಅವರ ರೆಡ್ ಬುಲ್ ನಂಟು ಒಂದೇ ವರ್ಷಕ್ಕೆ ಮುಗಿಯಿತು.

ಇಲ್ಲಿಗೆ ಓದುವುದನ್ನು ನಿಲ್ಲಿಸಿದರೆ ‘ಅವರಿಗೆ ವೇಗ ಸಾಲಲಿಲ್ಲ’ ಎಂದು ತೀರ್ಪು ಕೊಟ್ಟು ಎದ್ದುಬಿಡಬಹುದು. ರೆಡ್ ಬುಲ್ ಹುಡುಗರನ್ನೂ ಇದೇ ನಿರ್ದಾಕ್ಷಿಣ್ಯದಿಂದ ಕೈಬಿಟ್ಟಿದೆ ಎಂಬುದೂ ನಿಜ. ಆ ಜೂನಿಯರ್ ತಂಡದಿಂದ ಹೊರಬಿದ್ದವರ ಪಟ್ಟಿ ಉದ್ದವಿದೆ. ಆದರೆ ಮುಂದೇನಾಯಿತು ಎಂಬುದನ್ನು ಗಮನಿಸಬೇಕು. 2014ರಲ್ಲಿ ವಿಸ್ಸರ್ ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲಷ್ಟೇ ಕೆಳಗಿದ್ದ ಫಾರ್ಮುಲಾ ರೆನೋ 3.5 ಸರಣಿಗೆ ಏರಿದರು. ಅವರು ಅಲ್ಲಿಯವರೆಗೆ ಓಡಿಸಿದ್ದ ಫಾರ್ಮೆಲ್ ಮಾಸ್ಟರ್ಸ್ ಕಾರಿನ ಶಕ್ತಿ ಸುಮಾರು 145 ಅಶ್ವಶಕ್ತಿ, ಹೊಸ ಕಾರಿನದು ಸುಮಾರು 530. ನಡುವೆ ಇರಬೇಕಾಗಿದ್ದ ಎಫ್‌3 ದರ್ಜೆಯ ಒಂದೆರಡು ವರ್ಷಗಳು ಇರಲೇ ಇಲ್ಲ. ಎದುರಾಳಿಗಳು ಯಾರು? ಆ ವರ್ಷ ಚಾಂಪಿಯನ್ ಆದ ಸೈನ್ಸ್, ಎರಡನೆಯವರಾದ ಪಿಯರ್ ಗ್ಯಾಸ್ಲಿ. ದೊಡ್ಡ ಕಾರ್ಖಾನೆಯ ಬೆಂಬಲವಿಲ್ಲದ ತಂಡದಲ್ಲಿ, ತಯಾರಿಯಿಲ್ಲದ ಜಿಗಿತದಲ್ಲಿ ವಿಸ್ಸರ್ 2014 ಮತ್ತು 2015 ಎರಡೂ ವರ್ಷ ಅಂಕಪಟ್ಟಿಯ ಕೆಳಭಾಗದಲ್ಲೇ ಉಳಿದರು. ನಡುವೆ ಅಬುಧಾಬಿಯಲ್ಲಿ ಜಿಪಿ3ಯ ಕೊನೆಯ ಸುತ್ತಿನಲ್ಲೊಮ್ಮೆ ಕಾಣಿಸಿಕೊಂಡರು, ಅಷ್ಟೇ. ಫಾರ್ಮುಲಾ ಒನ್ ಏಣಿ ಅವರ ಮಟ್ಟಿಗೆ ಇಪ್ಪತ್ತರ ಹರೆಯದಲ್ಲೇ ಮುರಿಯಿತು.

ಒಂದೇ ದೇಶ, ಎರಡು ಹಾದಿ

ಅದೇ ಹೊತ್ತಿಗೆ ನೆದರ್ಲೆಂಡ್ಸ್‌ನಲ್ಲಿ ಇನ್ನೊಂದು ಹೆಸರು ಏಳುತ್ತಿತ್ತು. ಮ್ಯಾಕ್ಸ್ ವೆರ್ಸ್ಟಾಪನ್ ವಿಸ್ಸರ್‌ಗಿಂತ ಎರಡೂವರೆ ವರ್ಷ ಚಿಕ್ಕವರು. 2013ರಲ್ಲಿ ಇನ್ನೂ ಕಾರ್ಟ್ ಓಡಿಸುತ್ತಿದ್ದರು. 2014ರಲ್ಲಿ ಯುರೋಪಿಯನ್ ಎಫ್‌3ಯಲ್ಲಿ ಒಂದೇ ಒಂದು ಋತು ಕಳೆದು, 2015ರ ಮಾರ್ಚ್‌ನಲ್ಲಿ, ಹದಿನೇಳರ ವಯಸ್ಸಿನಲ್ಲಿ ಫಾರ್ಮುಲಾ ಒನ್ ರೇಸ್‌ಗೆ ಇಳಿದರು. ಅವರ ಪ್ರತಿಭೆಯ ಬಗ್ಗೆ ಯಾರಿಗೂ ತಕರಾರಿಲ್ಲ. ಆದರೆ ತಂದೆ ಯೋಸ್ ಮಾಜಿ ಫಾರ್ಮುಲಾ ಒನ್ ಚಾಲಕ, ಮಗ ಇನ್ನೂ ಚಿಕ್ಕವನಿದ್ದಾಗಲೇ ಎಂಜಿನ್ ಬಿಚ್ಚಿ ಜೋಡಿಸಿ ಕೊಡುತ್ತಿದ್ದವರು. ತಾಯಿ ಬೆಲ್ಜಿಯಂನ ಸೋಫಿ ಕುಂಪನ್ ಸ್ವತಃ ನುರಿತ ಕಾರ್ಟಿಂಗ್ ಸ್ಪರ್ಧಿ. 1995ರಲ್ಲಿ ಇಟಲಿಯ ಆಂಡ್ರೆಯಾ ಮಾರ್ಗುಟ್ಟಿ ಟ್ರೋಫಿ ಗೆದ್ದವರು. ಅವರ ಸ್ಪರ್ಧಾಜೀವನ ಮದುವೆ, ಮಕ್ಕಳ ಕಾಲಕ್ಕೆ ನಿಂತುಹೋಯಿತು. ಇವತ್ತು ಎಲ್ಲರ ಬಾಯಲ್ಲಿರುವ, ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆದವನ ಮನೆಯೊಳಗೇ ಈ ಲೇಖನದ ವಿಷಯ ಕೂತಿದೆ ಎಂದು ನೆನಪಿಡುವುದು ಒಳ್ಳೆಯದು.

ವೆರ್ಸ್ಟಾಪನ್ ಅವರ ಈ ಏರಿಕೆಗೆ ಇನ್ನೊಂದು ಪರಿಣಾಮವಿತ್ತು. ಹದಿನೇಳರ ಹುಡುಗನೊಬ್ಬ ಫಾರ್ಮುಲಾ ಒನ್ ಕಾರು ಓಡಿಸಿದ್ದನ್ನು ಕಂಡು ಅಂತರರಾಷ್ಟ್ರೀಯ ಆಟೋಮೊಬೈಲ್ ಒಕ್ಕೂಟ (ಎಫ್‌ಐಎ) 2016ರಿಂದ ನಿಯಮ ಬಿಗಿಗೊಳಿಸಿತು. ಫಾರ್ಮುಲಾ ಒನ್‌ಗೆ ಬೇಕಾದ ಸೂಪರ್ ಲೈಸೆನ್ಸ್ ಪಡೆಯಲು ಸಾಮಾನ್ಯವಾಗಿ ಹದಿನೆಂಟು ತುಂಬಿರಬೇಕು, ಮೂರು ವರ್ಷಗಳ ಅವಧಿಯಲ್ಲಿ 40 ಅಂಕ ಗಳಿಸಿರಬೇಕು. ಈ ಅಂಕಗಳು ಬರುವುದು ಕೆಳಗಿನ ಸರಣಿಗಳಲ್ಲಿ ಗಳಿಸಿದ ಸ್ಥಾನದಿಂದ. ಎಫ್‌2ನಲ್ಲಿ ಮೊದಲ ಮೂರರೊಳಗೆ ಬಂದರೆ ಒಂದೇ ಏಟಿಗೆ ಪೂರ್ತಿ 40. ಎಫ್‌3 ಚಾಂಪಿಯನ್‌ಗೆ 30. ಎಫ್‌1 ಅಕಾಡೆಮಿಯ ಚಾಂಪಿಯನ್‌ಗೆ 10.

ಈ ಕೊನೆಯ ಅಂಕಿಯಲ್ಲೇ ಮೊದಲ ಗೊಂದಲಕ್ಕೆ ಉತ್ತರವಿದೆ. ಎಫ್‌1 ಅಕಾಡೆಮಿಯಲ್ಲಿ ಸಾಮಾನ್ಯವಾಗಿ ಎರಡೇ ಋತುಗಳ ಅವಕಾಶ. ಎರಡನ್ನೂ ಗೆದ್ದರೆಂದೇ ಇಟ್ಟುಕೊಳ್ಳೋಣ, ಆಗಲೂ 20 ದಾಟುವುದಿಲ್ಲ. ಲಾಸ್ ವೇಗಸ್‌ನ ವೇದಿಕೆಯಿಂದ ಫಾರ್ಮುಲಾ ಒನ್‌ಗೆ ನೇರ ಬಾಗಿಲು ಇಲ್ಲ. ಇರಬೇಕೆಂದು ಆ ಸರಣಿಯನ್ನು ಕಟ್ಟಿಯೂ ಇಲ್ಲ. ಅದು ಏಣಿಯ ಮೊದಲ ಮೆಟ್ಟಿಲು. ಹೆಸರಿನಲ್ಲಿ ಎಫ್‌1 ಸೇರಿಸಿದ್ದು ಪ್ರಚಾರಕ್ಕೆ ಅನುಕೂಲವಾಯಿತು, ತಿಳಿವಳಿಕೆಗೆ ಆಗಲಿಲ್ಲ.

ದುಡ್ಡೇ ದೊಡ್ಡಪ್ಪ

ಹಾಗಾದರೆ ಗೆದ್ದವರು ಎಫ್‌3ಗೆ, ಎಫ್‌2ಗೆ ಹೋಗಲಿ ಎನ್ನಬಹುದು. ಅಲ್ಲಿ ಎದುರಾಗುವುದು ದುಡ್ಡಿನ ಗೋಡೆ. ಎಫ್‌3ಯ ಒಂದು ಋತುವಿನ ಸೀಟಿಗೆ ಹತ್ತು ಲಕ್ಷ ಯೂರೋ ದಾಟುತ್ತದೆ, ಎಫ್‌2ಗೆ ಇಪ್ಪತ್ತು ಲಕ್ಷಕ್ಕೂ ಮೀರುತ್ತದೆ ಎಂಬುದು ಈ ವಲಯದ ಸಾಮಾನ್ಯ ಲೆಕ್ಕ. ಯೂರೋಗೆ ನೂರು ರೂಪಾಯಿಯಂತೆ ಹಿಡಿದರೂ ಹತ್ತು, ಇಪ್ಪತ್ತು ಕೋಟಿಯ ಮಾತು. ಇದು ಸಂಬಳವಲ್ಲ, ಚಾಲಕರೇ ತಂಡಕ್ಕೆ ತಂದುಕೊಡಬೇಕಾದ ಮೊತ್ತ. ಹೊರಗಿನವರಿಗೆ ತಲೆಕೆಳಗು ಅನ್ನಿಸುವ ಈ ವ್ಯವಸ್ಥೆಯಲ್ಲಿ ಆಟಗಾರನೇ ಮೈದಾನಕ್ಕೆ ಬಾಡಿಗೆ ಕಟ್ಟುತ್ತಾನೆ.

ಹುಡುಗರಿಗೂ ಇದೇ ಬೆಲೆ. ವ್ಯತ್ಯಾಸ ಬರುವುದು ಪ್ರಾಯೋಜಕರ ಲೆಕ್ಕಾಚಾರದಲ್ಲಿ. ಹತ್ತು ವರ್ಷದ ಹುಡುಗನ ಮೇಲೆ ಹಣ ಹೂಡುವವರಿಗೆ ಮುಂದೆ ಫಾರ್ಮುಲಾ ಒನ್ ಕಾಣುತ್ತದೆ. ಹುಡುಗಿಯ ಮೇಲೆ ಹೂಡುವವರಿಗೆ ಕಾಣುವುದೇನು? ಫಾರ್ಮುಲಾ ಒನ್ ರೇಸ್ ಆರಂಭಿಸಿದ ಕೊನೆಯ ಮಹಿಳೆ ಇಟಲಿಯ ಲೆಲ್ಲಾ ಲೊಂಬಾರ್ಡಿ, ಅದು 1976ರಲ್ಲಿ. 1975ರ ಸ್ಪೇನ್ ಗ್ರ್ಯಾನ್ ಪ್ರಿಯಲ್ಲಿ ಅವರು ಗಳಿಸಿದ ಅರ್ಧ ಅಂಕವೇ ಇಂದಿಗೂ ಮಹಿಳೆಯೊಬ್ಬರ ಏಕೈಕ ಗಳಿಕೆ. 1992ರಲ್ಲಿ ಜೊವಾನ್ನಾ ಅಮಾಟಿ ಬ್ರಾಬಮ್ ಕಾರಿನಲ್ಲಿ ಪ್ರಯತ್ನಿಸಿದರು, ಅರ್ಹತೆಯ ಹಂತ ದಾಟಲಾಗಲಿಲ್ಲ. ಮುಂದೆ ಯಾರೂ ಕಾಣದ ಕಾರಣ ಹಣ ಬರುವುದಿಲ್ಲ, ಹಣ ಬಾರದ ಕಾರಣ ಅಲ್ಲಿಗೆ ಯಾರೂ ತಲುಪುವುದಿಲ್ಲ.

ಈ ಸುತ್ತನ್ನು ಮುರಿಯಲೆಂದೇ 2019ರಲ್ಲಿ ಡಬ್ಲ್ಯು ಸೀರೀಸ್ ಬಂತು. ಚಾಲಕಿಯರಿಂದ ಒಂದು ಪೈಸೆಯನ್ನೂ ಕೇಳಲಿಲ್ಲ. ಒಟ್ಟು ಬಹುಮಾನ 15 ಲಕ್ಷ ಡಾಲರ್, ಅದರಲ್ಲಿ ಚಾಂಪಿಯನ್‌ಗೆ 5 ಲಕ್ಷ. ಎಲ್ಲರಿಗೂ ಒಂದೇ ಮಾದರಿಯ ಕಾರು. ‘ಅವಳ ಕಾರು ಚೆನ್ನಾಗಿತ್ತು’ ಎಂಬ ಮಾತು ಬಾರದಿರಲೆಂದು ಒಂದು ರೇಸ್‌ನಿಂದ ಇನ್ನೊಂದಕ್ಕೆ ಕಾರುಗಳನ್ನೇ ಅದಲುಬದಲು ಮಾಡುತ್ತಿದ್ದರು. ಆಸ್ಟ್ರಿಯಾದ ಮೆಲ್ಕ್‌ನಲ್ಲಿ ಹಿಮದ ನಡುವೆ ನಡೆದ ಆಯ್ಕೆಯಿಂದ ಶುರುವಾಗಿ ಕೊನೆಗೆ ಹದಿನೆಂಟು ಮಂದಿ ಉಳಿದರು. ಅವರಲ್ಲಿ ವಿಸ್ಸರ್ ಒಬ್ಬರು.

ಕೆಲವು ವರ್ಷ ಫಾರ್ಮುಲಾ ರೇಸ್‌ಗಳಿಂದ ದೂರವಿದ್ದು, ಬಿಎಂಡಬ್ಲ್ಯುನ ಜೂನಿಯರ್ ಚಾಲಕಿಯಾಗಿ ಜಿಟಿ ಕಾರುಗಳಲ್ಲಿ (ರಸ್ತೆ ಕಾರುಗಳಿಂದ ರೂಪಿಸಿದ ರೇಸ್ ಕಾರುಗಳು) ಪಳಗಿದ್ದವರು ಆರು ರೇಸ್‌ಗಳ ಆ ಋತುವಿನಲ್ಲಿ ಬೆಲ್ಜಿಯಂನ ಝೋಲ್ಡರ್‌ನಲ್ಲಿ ಗೆದ್ದರು. ಪ್ರಶಸ್ತಿ ತೀರ್ಮಾನವಾದದ್ದು ಇಂಗ್ಲೆಂಡ್‌ನ ಬ್ರ್ಯಾಂಡ್ಸ್ ಹ್ಯಾಚ್‌ನ ಕೊನೆಯ ರೇಸ್‌ನಲ್ಲಿ. ಅಲ್ಲಿ ವಿಸ್ಸರ್ ಮೂರನೆಯವರಾಗಿ, ಬ್ರಿಟನ್‌ನ ಜೇಮಿ ಚಾಡ್ವಿಕ್ ಅವರಿಗಿಂತ ಒಂದು ಸ್ಥಾನ ಮುಂದೆಯೇ ಗುರಿ ಮುಟ್ಟಿದರು. ಆದರೂ ಒಟ್ಟು ಲೆಕ್ಕದಲ್ಲಿ ಚಾಡ್ವಿಕ್‌ಗೆ 110, ವಿಸ್ಸರ್‌ಗೆ 100. ಬಿಟ್ಟುಹೋದ ವರ್ಷಗಳ ಬಳಿಕವೂ ವೇಗ ಉಳಿದಿತ್ತು ಎನ್ನುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಆದರೆ ಆಗ ಅವರಿಗೆ 24. ಫಾರ್ಮುಲಾ ಒನ್ ತಂಡಗಳು ಹುಡುಕುವುದು ಹದಿನೆಂಟು, ಹತ್ತೊಂಬತ್ತರವರನ್ನು.

ಪ್ರತ್ಯೇಕ ಪಂಕ್ತಿ ಬೇಕೇ?

ಡಬ್ಲ್ಯು ಸೀರೀಸ್ ಘೋಷಣೆಯಾದ ದಿನದಿಂದಲೂ ಈ ಜಗಳ ನಿಂತಿಲ್ಲ. ಜರ್ಮನಿಯ ಚಾಲಕಿ ಸೋಫಿಯಾ ಫ್ಲೋರ್ಶ್ ಮೊದಲಿನಿಂದಲೂ ವಿರೋಧಿ. ಟೆನಿಸ್‌ನಂತೆ, ಓಟದಂತೆ ಇಲ್ಲಿ ದೇಹಬಲದ ವಿಂಗಡಣೆ ಅಗತ್ಯವಿಲ್ಲ. ಮಹಿಳೆ, ಪುರುಷ ಒಂದೇ ಟ್ರ್ಯಾಕ್‌ನಲ್ಲಿ ಸೆಣಸಬಹುದಾದ ಕೆಲವೇ ಕ್ರೀಡೆಗಳಲ್ಲಿ ಇದೂ ಒಂದು. ಅಂಥ ಕಡೆ ಬೇರೆ ಪಂಕ್ತಿ ಹಾಕಿ ಕೂರಿಸಿದರೆ ಅದು ಹಿಂದಕ್ಕೆ ನಡೆದಂತೆ ಎಂಬುದು ಈ ವಾದದ ತಿರುಳು. ಫ್ಲೋರ್ಶ್ ಬರೀ ಮಾತಾಡಿ ಸುಮ್ಮನಾಗಲಿಲ್ಲ. ಎಫ್‌3ಯಲ್ಲಿ ಸ್ಪರ್ಧಿಸಿ 2023ರಲ್ಲಿ ಸ್ಪಾ ಟ್ರ್ಯಾಕ್‌ನಲ್ಲಿ ಅಂಕ ಗಳಿಸಿದರು.

ಎದುರು ವಾದಿಸುವವರು ತತ್ತ್ವದ ಬದಲು ಕಿಲೋಮೀಟರ್ ಎಣಿಸುತ್ತಾರೆ. ಸ್ಟೀರಿಂಗ್ ಹಿಡಿಯಲು ಸೀಟೇ ಇಲ್ಲದವರಿಗೆ ಸಮಾನ ಸ್ಪರ್ಧೆಯ ಮಾತು ಏನು ಕೊಡುತ್ತದೆ ಎಂಬುದು ಅವರ ಪ್ರಶ್ನೆ. ಹಣವಿಲ್ಲದೆ ಮನೆಯಲ್ಲಿ ಕೂತಿದ್ದ ಹಲವರು ಡಬ್ಲ್ಯು ಸೀರೀಸ್‌ನಿಂದ ಮತ್ತೆ ಕಾರಿಗೆ ಬಂದರು ಎಂಬುದು ಸುಳ್ಳಲ್ಲ.

ನನಗೆ ಎರಡನೆಯ ವಾದದಲ್ಲಿ ಹೆಚ್ಚು ಹುರುಳು ಕಾಣುತ್ತದೆ, ಆದರೆ ಒಂದು ಷರತ್ತಿನೊಂದಿಗೆ: ಪ್ರತ್ಯೇಕ ಸರಣಿಯಿಂದ ಹೊರಬಂದವರಿಗೆ ಮುಂದಿನ ಸೀಟು ಸಿದ್ಧವಿರಬೇಕು. ಡಬ್ಲ್ಯು ಸೀರೀಸ್ ಎಡವಿದ್ದು ಅಲ್ಲೇ. ಚಾಡ್ವಿಕ್ 2019, 2021, 2022 ಮೂರೂ ಬಾರಿ ಗೆದ್ದರು. ಮೂರು ಬಾರಿ ಒಂದೇ ತರಗತಿ ಗೆದ್ದವರಿಗೆ ಯುರೋಪಿನ ಏಣಿಯಲ್ಲಿ ಜಾಗ ಸಿಗದೆ ಅಮೆರಿಕದ ಇಂಡಿ ನೆಕ್ಸ್ಟ್ ಸರಣಿಗೆ ಹೋದರು. 2024ರಲ್ಲಿ ರೋಡ್ ಅಮೆರಿಕ ಟ್ರ್ಯಾಕ್‌ನಲ್ಲಿ ಗೆದ್ದು ತೋರಿಸಿದರು. ಡಬ್ಲ್ಯು ಸೀರೀಸ್ ಅಷ್ಟರಲ್ಲಿ ಉಳಿದಿರಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಹಣ ಬತ್ತಿ ಕೊನೆಯ ಮೂರು ರೇಸ್‌ಗಳೇ ರದ್ದಾದವು, 2023ರಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಸೇರಿತು.

ಅದೇ ವರ್ಷ ಫಾರ್ಮುಲಾ ಒನ್ ಸಂಸ್ಥೆಯೇ ಎಫ್‌1 ಅಕಾಡೆಮಿ ಆರಂಭಿಸಿತು. ಡಬ್ಲ್ಯು ಸೀರೀಸ್‌ನ ಪಾಠ ಇಲ್ಲಿ ಕಾಣುತ್ತದೆ. ವಯೋಮಿತಿ 16ರಿಂದ 25. ಖರ್ಚಿನ ಬಹುಪಾಲನ್ನು ಸಂಸ್ಥೆ ಮತ್ತು ತಂಡಗಳು ಹೊತ್ತು, ಚಾಲಕಿ ತರಬೇಕಾದದ್ದು 2024ರ ಹೊತ್ತಿಗೆ 1 ಲಕ್ಷ ಯೂರೋ. ಆಗಿದ್ದ ಹತ್ತೂ ಫಾರ್ಮುಲಾ ಒನ್ ತಂಡಗಳು ತಲಾ ಒಬ್ಬರ ಬೆನ್ನಿಗೆ ನಿಂತವು. ಗೆದ್ದವರಿಗೆ ಮೇಲಿನ ದರ್ಜೆಯಲ್ಲಿ ಪೂರ್ತಿ ಖರ್ಚಿನ ಸೀಟು: 2023ರ ಚಾಂಪಿಯನ್ ಮಾರ್ತಾ ಗಾರ್ಸಿಯಾ ಪ್ರಾದೇಶಿಕ ಫಾರ್ಮುಲಾ ಸರಣಿಗೆ, 2024ರ ಅಬ್ಬಿ ಪುಲ್ಲಿಂಗ್ ಬ್ರಿಟನ್‌ನ ಜಿಬಿ3ಗೆ ಹೋದರು. ವ್ಯೂಗ್, ಪಿನ್ ಇಬ್ಬರೂ ಕೆಳಗಿನ ಕಾರಿಗೆ ಬಂದದ್ದರ ಕಾರಣವೂ ಇದೇ. ಕಾರು ಚಿಕ್ಕದಾದರೂ ಅದರ ಹಿಂದೆ ಫೆರಾರಿ, ಮರ್ಸಿಡಿಸ್ ಇವೆ. ದೊಡ್ಡ ಕಾರಿನ ಹಿಂದೆ ಮುಂದಿನ ವರ್ಷದ ಖಾತರಿ ಇರಲಿಲ್ಲ.

ವಿಸ್ಸರ್‌ಗೆ ಇದೆಲ್ಲ ತಡವಾಗಿ ಬಂತು. ಎಫ್‌1 ಅಕಾಡೆಮಿಯ ಮೊದಲ ರೇಸ್ ನಡೆದಾಗ ಅವರಿಗೆ 28.

ಭಾರವಾದ ಸ್ಟೀರಿಂಗ್

ದೇಹಬಲದ ಪ್ರಶ್ನೆಯನ್ನು ಎರಡೂ ಕಡೆಯವರು ಮುಜುಗರದಿಂದ ದಾಟಿಹೋಗುತ್ತಾರೆ. ಫಾರ್ಮುಲಾ ಒನ್ ಕಾರಿಗೆ ಪವರ್ ಸ್ಟೀರಿಂಗ್ ಇದೆ. ಅದರ ಕೆಳಗಿನ ಎಫ್‌2ಗೆ ಇಲ್ಲ. ವೇಗ ಹೆಚ್ಚಿದಂತೆ ಗಾಳಿಯ ಒತ್ತಡ ಕಾರನ್ನು ನೆಲಕ್ಕೆ ಅದುಮುತ್ತದೆ, ಅದಕ್ಕೆ ತಕ್ಕಂತೆ ಮುಂದಿನ ಚಕ್ರ ತಿರುಗಿಸಲು ತೋಳು, ಭುಜಗಳಿಂದಲೇ ಬಲ ಹಾಕಬೇಕು. 2019ರಲ್ಲಿ ಎಫ್‌2 ಓಡಿಸಿದ ಕೊಲಂಬಿಯಾದ ಟಟಿಯಾನಾ ಕಾಲ್ಡೆರಾನ್ ಒಂದೂ ಅಂಕ ಗಳಿಸದೆ ಋತು ಮುಗಿಸಿದಾಗ ಈ ಚರ್ಚೆ ಜೋರಾಯಿತು. ತಾಲೀಮಿನಿಂದ ಇದನ್ನು ಮೀರಬಹುದು ಎನ್ನುವವರಿದ್ದಾರೆ, ಅದು ನಿಜವೂ ಇರಬಹುದು. ಆದರೆ ಕೊನೆಯ ಮೆಟ್ಟಿಲಿನಲ್ಲಿ ಬೇಕಿಲ್ಲದ ತೋಳಬಲವನ್ನು ಅದರ ಹಿಂದಿನ ಮೆಟ್ಟಿಲಿನಲ್ಲಿ ಕಡ್ಡಾಯ ಮಾಡಿರುವುದು ತಾಂತ್ರಿಕ ಆಯ್ಕೆ. ಬದಲಿಸಲು ಬಾರದ ಪ್ರಕೃತಿ ನಿಯಮವೇನಲ್ಲ. ಅಡ್ಡಿ ಇರುವುದು ಖರ್ಚಿನದು.

ಲ ಮಾನ್ ಏಕೆ ಕೈ ಹಿಡಿಯುತ್ತದೆ?

2020ರ ಬೇಸಿಗೆಯಲ್ಲಿ ಫ್ರಾನ್ಸ್‌ನ ಪಾಲ್ ರಿಕಾರ್ ಟ್ರ್ಯಾಕ್‌ನಲ್ಲಿ ಪರೀಕ್ಷಾ ಓಟದ ವೇಳೆ ಬ್ರಿಟನ್‌ನ ಕ್ಯಾಥರಿನ್ ಲೆಗ್ ಅಪಘಾತಕ್ಕೀಡಾಗಿ ಕಾಲು ಮುರಿದುಕೊಂಡರು. ರಿಷಾರ್ ಮಿಲ್ ತಂಡ ಅವರ ಜಾಗಕ್ಕೆ ಕರೆದದ್ದು ವಿಸ್ಸರ್ ಅವರನ್ನು. ಕೋವಿಡ್ ಕಾರಣದಿಂದ ಸೆಪ್ಟೆಂಬರ್‌ಗೆ ಸರಿದ ಆ ವರ್ಷದ ಲ ಮಾನ್ 24 ಗಂಟೆಗಳ ರೇಸ್‌ಗೆ ಗ್ಯಾಲರಿಯಲ್ಲಿ ಪ್ರೇಕ್ಷಕರೇ ಇರಲಿಲ್ಲ. ಕಾಲ್ಡೆರಾನ್, ಫ್ಲೋರ್ಶ್ ಮತ್ತು ವಿಸ್ಸರ್ ಪಾಳಿಯ ಮೇಲೆ ಹಗಲು ರಾತ್ರಿ ಓಡಿಸಿ ಎಲ್‌ಎಂಪಿ2 ವರ್ಗದಲ್ಲಿ (ರೇಸ್‌ಗೆಂದೇ ಕಟ್ಟಿದ ಕಾರುಗಳ ಎರಡನೇ ದರ್ಜೆ) ಒಂಬತ್ತನೆಯವರಾಗಿ, ಒಟ್ಟಾರೆ ಹದಿಮೂರನೆಯವರಾಗಿ ಕಾರನ್ನು ದಡ ಮುಟ್ಟಿಸಿದರು. ಪ್ರತ್ಯೇಕ ಸರಣಿಯ ಕಟ್ಟಾ ವಿರೋಧಿ ಫ್ಲೋರ್ಶ್, ಅದರಲ್ಲೇ ಎರಡನೇ ಸ್ಥಾನ ಗಳಿಸಿದ್ದ ವಿಸ್ಸರ್ ಒಂದೇ ಕಾಕ್‌ಪಿಟ್ ಹಂಚಿಕೊಂಡರು. ಮರುವರ್ಷ ಮೂವರೂ ವಿಶ್ವ ಎಂಡ್ಯುರೆನ್ಸ್ ಚಾಂಪಿಯನ್‌ಷಿಪ್‌ನಲ್ಲಿ ಸ್ಪರ್ಧಿಸಿದರು.

ಫಾರ್ಮುಲಾ ಏಣಿ ಹೊರದಬ್ಬಿದವರನ್ನು ಎಂಡ್ಯುರೆನ್ಸ್ ರೇಸಿಂಗ್ ಬರಮಾಡಿಕೊಳ್ಳುವುದಕ್ಕೆ ಔದಾರ್ಯಕ್ಕಿಂತ ನಿಯಮಗಳೇ ಮುಖ್ಯ ಕಾರಣ. ಎಫ್‌ಐಎ ಚಾಲಕರನ್ನು ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ ಎಂದು ವಿಂಗಡಿಸುತ್ತದೆ. ಎಲ್‌ಎಂಪಿ2 ಮತ್ತು ಹಲವು ಜಿಟಿ ವರ್ಗಗಳಲ್ಲಿ ಪ್ರತಿ ಕಾರಿನಲ್ಲೂ ಬೆಳ್ಳಿ ಅಥವಾ ಕಂಚಿನ ದರ್ಜೆಯ ಒಬ್ಬರಾದರೂ ಇರಲೇಬೇಕು. ದರ್ಜೆಯಲ್ಲಿ ಬೆಳ್ಳಿ, ಕೈಯಲ್ಲಿ ಚಿನ್ನದ ವೇಗ ಇರುವವರಿಗೆ ಅಲ್ಲಿ ಭಾರೀ ಬೇಡಿಕೆ. ದೊಡ್ಡ ಪ್ರಶಸ್ತಿಗಳಿಗೆ ಅವಕಾಶವೇ ಸಿಗದ ಮಹಿಳೆಯರು ಸಹಜವಾಗಿ ಈ ನಡುವಿನ ದರ್ಜೆಗಳಲ್ಲಿ ಉಳಿಯುತ್ತಾರೆ. ಜೊತೆಗೆ ಕಾರುಗಳಿಗೆ ಪವರ್ ಸ್ಟೀರಿಂಗ್ ಇದೆ, ವಯಸ್ಸು ಅಡ್ಡಿಯಲ್ಲ, ಬಿಎಂಡಬ್ಲ್ಯುನಂಥ ಕಂಪನಿಗಳು ಸಂಬಳವನ್ನೂ ಕೊಡುತ್ತವೆ. 2018ರ ಡಿಸೆಂಬರ್‌ನಲ್ಲಿ ಸೌದಿ ಅರೇಬಿಯಾದ ದಿರಿಯಾದಲ್ಲಿ ವಿಸ್ಸರ್ ವಿದ್ಯುತ್ ಚಾಲಿತ ಫಾರ್ಮುಲಾ ಇ ಕಾರನ್ನು ಪರೀಕ್ಷಿಸಿದ್ದು ಬಿಎಂಡಬ್ಲ್ಯು ನಂಟಿನಿಂದಲೇ. ಆ ದೇಶದಲ್ಲಿ ಹೆಂಗಸರು ಕಾರು ಓಡಿಸಲು ಅನುಮತಿ ಸಿಕ್ಕಿ ಆಗ ಆರು ತಿಂಗಳಾಗಿತ್ತಷ್ಟೆ.

ಐರನ್ ಡೇಮ್ಸ್ ಎಂಬ ಮಹಿಳಾ ತಂಡ 2023ರಲ್ಲಿ ಬಹ್ರೈನ್‌ನಲ್ಲಿ ತನ್ನ ವರ್ಗ ಗೆದ್ದ ಮೇಲಂತೂ ಈ ಹಾದಿ ಗಟ್ಟಿಯಾಗಿದೆ. ಹೀಗಾಗಿ ವಿಸ್ಸರ್ ಅವರಂಥವರ ವೃತ್ತಿಜೀವನ ಉದ್ದವಾಗುತ್ತದೆ. ಈ ಉದ್ದವನ್ನು ಸಮಾಧಾನಕರ ಬಹುಮಾನ ಎಂದು ನೋಡುವುದು ತಪ್ಪು ಓದು. ವರ್ಷವರ್ಷವೂ ಬೇರೆ ಬೇರೆ ತಂಡಗಳು, ಕಂಪನಿಗಳು ಒಬ್ಬರನ್ನು ಕರೆದು ಕಾರು ಕೊಡುತ್ತಿವೆ ಎಂದರೆ ಕೊರತೆ ಇದ್ದದ್ದು ಅವರ ವೇಗದಲ್ಲಲ್ಲ, ಹದಿನೆಂಟರಿಂದ ಇಪ್ಪತ್ತರ ನಡುವೆ ಸಿಗಬೇಕಿದ್ದ ಎರಡು ವರ್ಷಗಳ ಸೂಕ್ತ ಕಾರಿನಲ್ಲಿ.

ಮುಂದೇನು?

ಹತ್ತಿರದ ಭವಿಷ್ಯದಲ್ಲಿ ಫಾರ್ಮುಲಾ ಒನ್ ಗ್ರಿಡ್‌ನಲ್ಲಿ ಮಹಿಳೆಯನ್ನು ನಿರೀಕ್ಷಿಸಲಾಗದು. ಅಂಕಗಳ ಲೆಕ್ಕವೇ ಅದಕ್ಕೆ ಎಡೆಗೊಡುವುದಿಲ್ಲ. ಎಫ್‌1 ಅಕಾಡೆಮಿಯಿಂದ ಹೊರಬಂದವರು ಎರಡು ದಾರಿಗಳಲ್ಲಿ ಹಂಚಿಹೋಗುವ ಸಾಧ್ಯತೆ ಹೆಚ್ಚು: ಕೆಲವರು ಪ್ರಾದೇಶಿಕ ಫಾರ್ಮುಲಾದಲ್ಲಿ ಒಂದೆರಡು ವರ್ಷ, ಹೆಚ್ಚಿನವರು ಎಂಡ್ಯುರೆನ್ಸ್‌ಗೆ. ಎರಡನೆಯದು ಸುಲಭವಾದಷ್ಟೂ ತಂಡಗಳಿಗೆ ಮೊದಲನೆಯದಕ್ಕೆ ಹಣ ಸುರಿಯುವ ಒತ್ತಡ ಕಡಿಮೆಯಾಗುತ್ತದೆ ಎಂಬ ಅಪಾಯ ಇದ್ದೇ ಇದೆ.

ಡಚ್ಚರಿಗೆ ಇನ್ನೊಂದು ತೊಡಕು ಕಾದಿದೆ. ಸರ್ಕಾರದ ನೆರವಿಲ್ಲದೆ ಖಾಸಗಿಯವರೇ ನಡೆಸುವ ಝಾಂಡ್‌ವೋರ್ಟ್ ಗ್ರ್ಯಾನ್ ಪ್ರಿ 2026ಕ್ಕೆ ಕೊನೆಗೊಳ್ಳುತ್ತಿದೆ. ಡಬ್ಲ್ಯು ಸೀರೀಸ್, ಎಫ್‌1 ಅಕಾಡೆಮಿ ಎರಡೂ ಆ ವಾರಾಂತ್ಯದಲ್ಲೇ ಕಿತ್ತಳೆ ಬಣ್ಣದ ತುಂಬಿದ ಗ್ಯಾಲರಿಗಳ ಮುಂದೆ ನಡೆದವು. ವ್ಯೂಗ್ ಅಥವಾ ನೀನಾ ಗಾದೆಮಾನ್‌ರಂಥ ಯುವತಿಯರನ್ನು ಡಚ್ ಪ್ರಾಯೋಜಕರು ಕಣ್ಣಾರೆ ಕಾಣುತ್ತಿದ್ದದ್ದು ಅಲ್ಲಿ. ವೆರ್ಸ್ಟಾಪನ್‌ಗೆ ತವರಿನ ರೇಸ್ ಇಲ್ಲದಿದ್ದರೆ ನಷ್ಟವೇನಿಲ್ಲ. ಇನ್ನೂ ಸೀಟಿಗಾಗಿ ಹಣ ಹೊಂದಿಸಬೇಕಾದವರಿಗೆ ಇದೆ.

ಹಾಗಾಗಿ ಮುಂದಿನ ಋತುಗಳಲ್ಲಿ ಎಫ್‌1 ಅಕಾಡೆಮಿಯ ವಿಜಯ ವೇದಿಕೆಗಿಂತ ಪ್ರಾದೇಶಿಕ ಫಾರ್ಮುಲಾ ಮತ್ತು ಎಫ್‌3ಯ ಪ್ರವೇಶ ಪಟ್ಟಿಗಳನ್ನು ನೋಡುವುದು ಲೇಸು. ಅಲ್ಲಿ ಒಂದೇ ಹೆಸರು ಸತತ ಎರಡು ವರ್ಷ, ಒಳ್ಳೆಯ ತಂಡದೊಂದಿಗೆ ಕಾಣಿಸಿಕೊಂಡರೆ 2014ರಲ್ಲಿ ವಿಸ್ಸರ್ ದಾಟಲಾಗದ ಜಾಗವನ್ನು ಯಾರೋ ಒಬ್ಬರು ದಾಟಿದರು ಎಂದು ತಿಳಿಯಬಹುದು.